ನಮ್ಮ ಏಕಾರವೂ ಇಂಗ್ಲಿಷಿನ ‘ಓನ್ಲಿ’ಯೂ

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನಾನು ಆಗಷ್ಟೇ ಓದು ಮುಗಿಸಿ ಕೂಡ್ಲಿಗಿ ಸೀಮೆಯ ಒಂದು ಪ್ರೌಢಶಾಲೆಗೆ ಕನ್ನಡ ಅಧ್ಯಾಪಕನಾಗಿ ಸೇರಿದ್ದೆನು. ಆ ಶಾಲೆಯಲ್ಲಿ ಇಂಗ್ಲಿಷ್ ಅಧ್ಯಾಪಕರ ಸ್ಥಾನ ಬಹುಕಾಲದಿಂದ ತೆರವಾಗಿದ್ದಿತು. ಕೆಲವು ತಿಂಗಳು ಆ ಪಾಠವನ್ನೂ ನಾನೇ ಹೇಳಬೇಕಾಯಿತು. ಒಂದು ದಿನ ಮಕ್ಕಳೆಲ್ಲರೂ ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಹೆಸರನ್ನೂ ಊರನ್ನೂ ಇಂಗ್ಲಿಷಿನಲ್ಲಿ ಹೇಳಬೇಕೆಂದು ಸೂಚಿಸಿದೆನು. ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು, ಹೆಸರು ಹೇಳಿ, “ಐ ಆ್ಯಮ್ ಫ್ರಮ್ ಕೂಡ್ಲಿಗಿ ಓನ್ಲಿ” ಎಂದನು. ನನಗೆ ನಗು ಬಂದಿತು. “ಕೂಡ್ಲಿಗಿ ಮಾತ್ರವೇ? ಇನ್ನೆರಡು ಊರುಗಳಿಂದಲೂ ಬರಬೇಕೆಂದಿದ್ದೆಯಾ?” ಎಂದು ಕೇಳಿದೆನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗ ತಲೆ ತಗ್ಗಿಸಿ ಕುಳಿತನು. ಆ ವರ್ಷ ಮುಗಿಯುವವರೆಗೂ ಅವನು ಮತ್ತೆ ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲ. ನಾನು ಅದನ್ನು ಗಮನಿಸಲೂ ಇಲ್ಲ.

ಗಮನಿಸಿದ್ದು ಬಹಳ ತಡವಾಗಿ. ಈಗ ನಿವೃತ್ತನಾಗಿ ಮನೆಯಲ್ಲಿ ಕುಳಿತು ಹಿಂದಿನದನ್ನು ನೆನೆಯುವಾಗ, ಅಂದು ತರಗತಿಯಲ್ಲಿ ಅಜ್ಞಾನಿಯಾಗಿದ್ದವನು ಆ ಹುಡುಗನಲ್ಲ, ನಾನೇ ಎಂದು ತೋರುತ್ತದೆ. ವ್ಯಾಕರಣವನ್ನು ಓದಿ ಬಂದಿದ್ದ ನನಗೆ ಅವನ ಮಾತಿನೊಳಗಿದ್ದ ಕನ್ನಡ ವ್ಯಾಕರಣವೇ ಕಾಣಿಸಿರಲಿಲ್ಲ. ಅದು ಏನೆಂಬುದನ್ನು ಹೇಳುವುದೂ, ‘ಓನ್ಲಿ’ ಎಂಬ ಪದದ ವಿಷಯದಲ್ಲಿ ನಾವು ಹೇಗೆ ನಡೆದುಕೊಳ್ಳಬೇಕೆಂಬ ಬಗ್ಗೆ ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡುವುದೂ ಈ ಬರಹದ ಉದ್ದೇಶ.

ಆ ಹುಡುಗ ಮನಸ್ಸಿನಲ್ಲಿ ಮೊದಲು ಆಡಿಕೊಂಡ ಮಾತು ಯಾವುದು? “ನಮ್ದು ಕೂಡ್ಲಿಗೀನೇ ಸಾರ್” ಎಂಬುದು. ಈ ವಾಕ್ಯದ ಜೀವವೆಲ್ಲ ಕೊನೆಯ ‘ಏ’ ಎಂಬ ಒಂದು ಸ್ವರದಲ್ಲಿದೆ. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಅವಧಾರಣಾರ್ಥಕ ಅವ್ಯಯವೆಂದು ಹೆಸರು. ಅನೇಕ ವಸ್ತುಗಳಲ್ಲಿ ಒಂದನ್ನು ಆಯ್ದು ‘ಇದೇ ಸರಿ’ ಎಂದು ನಿಶ್ಚಯಿಸುವುದು ಅವಧಾರಣೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಇಷ್ಟು ಚಿಕ್ಕ ಮಾತುಗಳಿಗೆ ಅಷ್ಟು ದೊಡ್ಡ ಮರ್ಯಾದೆ ಏಕೆಂಬುದು ಒಂದು ಉದಾಹರಣೆಯಿಂದ ತಿಳಿಯುತ್ತದೆ.

“ಬಸವನು ನಿನ್ನೆ ಕೊಟ್ಟೂರಿನಲ್ಲಿ ತಂಗಿಗೆ ಬಳೆ ಕೊಡಿಸಿದನು” ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ‘ಬಸವನೇ’ ಎಂದರೆ ಕೊಡಿಸಿದವನು ಬೇರೆ ಯಾರೂ ಅಲ್ಲ. ‘ನಿನ್ನೆಯೇ’ ಎಂದರೆ ಇಂದಿನವರೆಗೆ ತಡಮಾಡಲಿಲ್ಲ. ‘ಕೊಟ್ಟೂರಿನಲ್ಲಿಯೇ’ ಎಂದರೆ ಹೊಸಪೇಟೆಗೋ ಬಳ್ಳಾರಿಗೋ ಹೋಗಲಿಲ್ಲ. ‘ತಂಗಿಗೇ’ ಎಂದರೆ ಅಕ್ಕನಿಗಲ್ಲ. ‘ಬಳೆಯನ್ನೇ’ ಎಂದರೆ ರಿಬ್ಬನ್ನಲ್ಲ. ಇನ್ನು ಕ್ರಿಯಾಪದಕ್ಕೆ ಸೇರಿಸಿ ‘ಕೊಡಿಸಿದನೇ?’ ಎಂದರೆ ವಾಕ್ಯವೇ ಪ್ರಶ್ನೆಯಾಗಿಬಿಡುತ್ತದೆ! ಪದಗಳ ಸ್ಥಾನ ಒಂದೂ ಕದಲಲಿಲ್ಲ. ಒಂದು ಸ್ವರ ಮನೆಯಿಂದ ಮನೆಗೆ ಹೋದಂತೆಲ್ಲ ಅರ್ಥ ಬದಲಾಯಿತು. ಹೀಗೆ ಕನ್ನಡ ಮಾತನಾಡುವವನು ತಾನು ಒತ್ತಿ ಹೇಳಬೇಕಾದ ಪದದ ಬೆನ್ನಿಗೆ ಒಂದು ಏಕಾರವನ್ನು ಅಂಟಿಸಿ ನಿಶ್ಚಿಂತನಾಗುತ್ತಾನೆ. ಎದುರಿಗಿರುವವನಿಗೆ ಸಂದೇಹ ಉಳಿಯುವುದಿಲ್ಲ.

ಇಂಗ್ಲಿಷಿಗೆ ಇಂತಹ ಪ್ರತ್ಯಯವಿಲ್ಲ. ಕನ್ನಡದ ಮಗು ಆ ಭಾಷೆಯ ಅಂಗಳಕ್ಕೆ ಕಾಲಿಟ್ಟಾಗ ತನ್ನ ಏಕಾರಕ್ಕೊಂದು ಆಸರೆ ಹುಡುಕುತ್ತದೆ. ಹತ್ತಿರದಲ್ಲಿ ಸಿಕ್ಕುವುದು ‘ಓನ್ಲಿ’. ಏಕಾರ ಪದದ ಹಿಂದೆ ಬರುವುದಾದ್ದರಿಂದ ‘ಓನ್ಲಿ’ಯೂ ಪದದ ಹಿಂದೆಯೇ ಬರುತ್ತದೆ. ‘ಕೂಡ್ಲಿಗೀನೇ’ ಎಂಬುದು ‘ಕೂಡ್ಲಿಗಿ ಓನ್ಲಿ’ ಆಗುತ್ತದೆ. ‘ಇಲ್ಲೇ’ ಎಂಬುದು ‘ಹಿಯರ್ ಓನ್ಲಿ’ ಆಗುತ್ತದೆ. ಇದು ಕನ್ನಡದವರೊಬ್ಬರ ಅಭ್ಯಾಸವೂ ಅಲ್ಲ. ನಮ್ಮ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಅಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ನಾವು ಮೈಸೂರು ರಾಜ್ಯಕ್ಕೆ ಬಂದೆವು. ಹೀಗಾಗಿ ಕನ್ನಡ, ತೆಲುಗು, ಉರ್ದು ಮೂರೂ ನಮ್ಮ ಸಂತೆಗಳಲ್ಲಿ ಕೇಳಿಬರುವ ಮಾತುಗಳು. ಕನ್ನಡಿಗನ ‘ಇಲ್ಲೇ’ ತೆಲುಗಿನವನಿಗೆ ‘ಇಕ್ಕಡೇ’, ಉರ್ದುವಿನವನಿಗೆ ‘ಯಹೀಂ’. ಮೂವರ ಮಾತಿನಲ್ಲಿಯೂ ಒತ್ತು ಪದದ ಕೊನೆಯಲ್ಲಿದೆ. ಆದುದರಿಂದ ಮೂವರೂ ಇಂಗ್ಲಿಷಿಗೆ ಹೋದಾಗ ಒಂದೇ ‘ಓನ್ಲಿ’ಯನ್ನು ಹಿಡಿದುಕೊಂಡರೆ ಆಶ್ಚರ್ಯವೇನಿದೆ?

ಇನ್ನು ‘ಓನ್ಲಿ’ಯ ಹುಟ್ಟನ್ನು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬ ಅರ್ಥದ ಪದಕ್ಕೆ ‘ಹಾಗಿರುವ’ ಎಂಬ ಅರ್ಥದ ಪ್ರತ್ಯಯ ಸೇರಿ ಇದು ಹುಟ್ಟಿತು. ಒಂಟಿಯಾದುದು, ಜೊತೆಯಿಲ್ಲದುದು ಎಂಬುದು ಇದರ ಮೂಲಾರ್ಥ. ನಾವು ‘ಒಬ್ಬನೇ ಮಗ’ ಎನ್ನುವ ಕಡೆ ಅವರು ‘ಓನ್ಲಿ ಸನ್’ ಎನ್ನುವುದು ಈ ಅರ್ಥದಲ್ಲಿಯೇ. ಅಲ್ಲಿಂದ ‘ಬೇರೆಯದು ಇಲ್ಲ’, ‘ಇದಕ್ಕಿಂತ ಹೆಚ್ಚಿಲ್ಲ’, ‘ಇದಕ್ಕಿಂತ ಮೊದಲಲ್ಲ’ ಎಂಬ ಅರ್ಥಗಳು ಬೆಳೆದವು. ಹೊರಗಿಡುವುದೂ ಕಿರಿದುಮಾಡುವುದೂ ಈ ಪದದ ಮುಖ್ಯ ಕೆಲಸಗಳು.

ಅವರು ಒಂದೇ ಪದದಿಂದ ನಡೆಸುವ ವ್ಯವಹಾರಕ್ಕೆ ನಮ್ಮಲ್ಲಿ ಹಲವು ಪದಗಳಿವೆ. ಹೂವಿನಹಡಗಲಿಯ ಹೂವಿನ ಅಂಗಡಿಯ ಮುಂದೆ ಒಂದು ಗಳಿಗೆ ನಿಂತರೆ ಎಲ್ಲವೂ ಕಿವಿಗೆ ಬೀಳುತ್ತವೆ. “ಹಡಗಲಿ ಮಲ್ಲಿಗೆಯೇ ಬೇಕು” ಎನ್ನುವವಳು ಹೂವಿನ ಜಾತಿಯನ್ನು ನಿಶ್ಚಯಿಸುತ್ತಾಳೆ. ಅವಳು ಜೊತೆಗೆ ಸೇವಂತಿಗೆಯನ್ನೂ ಕೊಳ್ಳಬಹುದು. “ಮಲ್ಲಿಗೆ ಮಾತ್ರ ಸಾಕು” ಎನ್ನುವವಳು ಉಳಿದ ಹೂಗಳನ್ನು ಹೊರಗಿಡುತ್ತಾಳೆ. “ಬರೀ ಮಲ್ಲಿಗೆ ತಂದಿರಾ?” ಎನ್ನುವ ಮನೆಯಾಕೆಗೆ ಕನಕಾಂಬರ ಬಾರದ ಅಸಮಾಧಾನವಿದೆ. “ಕೇವಲ ಒಂದು ಮೊಳಕ್ಕೆ ಇಷ್ಟು ಬೆಲೆಯೇ?” ಎನ್ನುವವನು ವಸ್ತುವನ್ನು ಕಿರಿದುಮಾಡುತ್ತಾನೆ. “ಒಂದು ಮೊಳ, ಅಷ್ಟೇ” ಎಂದವನು ಅಳತೆಗೆ ಗೆರೆ ಎಳೆಯುತ್ತಾನೆ. ಏಕಾರ, ಮಾತ್ರ, ಬರೀ, ಕೇವಲ, ಅಷ್ಟೇ: ಐದಕ್ಕೂ ಐದು ಬೇರೆ ಬೇರೆ ಕೆಲಸಗಳು. ಈ ಐದನ್ನೂ ‘ಓನ್ಲಿ’ ಎಂಬ ಒಂದೇ ಚೀಲಕ್ಕೆ ತುಂಬಿದಾಗ ತೊಡಕು ಆರಂಭವಾಗುತ್ತದೆ.

ಏಕಾರಕ್ಕೂ ‘ಮಾತ್ರ’ಕ್ಕೂ ಇರುವ ಭೇದ ನನಗೆ ಸ್ಪಷ್ಟವಾದುದು ನಮ್ಮ ತಾಲ್ಲೂಕುಗಳ ಕಥೆಯಿಂದಲೇ. ನಾನು ಸೇವೆಗೆ ಸೇರಿದಾಗ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನಲ್ಲಿದ್ದಿತು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು. ಮುಂದೆ ಮತ್ತೆ ಬಳ್ಳಾರಿಗೆ ಮರಳಿತು. ಕೊಟ್ಟೂರು ತಾನೇ ಒಂದು ತಾಲ್ಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಐದೂ ಅದಕ್ಕೆ ಸೇರಿದವು. ಇದನ್ನೆಲ್ಲ ಹರಪನಹಳ್ಳಿಯ ಹಿರಿಯರೊಬ್ಬರು ಒಂದು ವಾಕ್ಯದಲ್ಲಿ ಮುಗಿಸಿದರು: “ನಾವು ಇದ್ದಲ್ಲೇ ಇದೀವಿ, ಜಿಲ್ಲೆ ಮಾತ್ರ ಬದಲಾತು.” ಇಲ್ಲಿ ಏಕಾರವನ್ನೂ ‘ಮಾತ್ರ’ವನ್ನೂ ಅದಲುಬದಲು ಮಾಡಿ ನೋಡಿ. “ನಾವು ಇದ್ದಲ್ಲಿ ಮಾತ್ರ ಇದ್ದೇವೆ, ಜಿಲ್ಲೆಯೇ ಬದಲಾಯಿತು” ಎಂದರೆ ಮೊದಲಿನ ಮಾತಿನ ಹದ ಕೆಡುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಆ ಹಿರಿಯರಿಗೆ ಈ ವಿವೇಕ ಹುಟ್ಟಿನಿಂದಲೇ ಬಂದಿದ್ದಿತು.

‘ಓನ್ಲಿ’ಯನ್ನು ಎಲ್ಲಿಡಬೇಕೆಂಬ ಜಗಳ ನಮ್ಮದಷ್ಟೇ ಎಂದು ತಿಳಿಯಬೇಡಿ. ಇಂಗ್ಲಿಷ್ ನಾಡಿನಲ್ಲಿಯೇ ಇದಕ್ಕೆ ಎರಡೂವರೆ ಶತಮಾನಗಳಿಗೂ ಮಿಕ್ಕ ಚರಿತ್ರೆಯಿದೆ. 1762ರಲ್ಲಿ ವ್ಯಾಕರಣವೊಂದನ್ನು ಪ್ರಕಟಿಸಿದ ರಾಬರ್ಟ್ ಲೌತ್ ಎಂಬ ವಿದ್ವಾಂಸನು ಇಂತಹ ಪದವನ್ನು ಅದು ಸಂಬಂಧಿಸಿದ ಪದದ ಪಕ್ಕದಲ್ಲಿಡಬೇಕೆಂದು ಬೋಧಿಸಿದನು. ‘ನಾನು ಮೂರೇ ಮಾತು ಆಡಿದೆನು’ ಎನ್ನಬೇಕಾದವರು ‘ಓನ್ಲಿ’ಯನ್ನು ‘ಮೂರು’ ಎಂಬುದರ ಹತ್ತಿರ ಇಡದೆ ‘ಆಡಿದೆನು’ ಎಂಬುದರ ಮುಂದಿಡುವುದು ಅವನಿಗೆ ಸರಿಬರಲಿಲ್ಲ. ಆದರೆ ಅಲ್ಲಿಯ ಜನ ಕ್ರಿಯಾಪದದ ಮುಂದೆಯೇ ಅದನ್ನು ಇಡುತ್ತ ಬಂದರು. ಏಕೆಂದರೆ ಮಾತನಾಡುವಾಗ ಅವರು ಧ್ವನಿಯ ಏರಿನಿಂದ ‘ಮೂರು’ ಎಂಬುದನ್ನು ಒತ್ತಿ ಹೇಳಬಲ್ಲರು. 1926ರಲ್ಲಿ ಇಂಗ್ಲಿಷ್ ಬಳಕೆಯ ಕೋಶವನ್ನು ಪ್ರಕಟಿಸಿದ ಫೌಲರ್ ಎಂಬ ಪಂಡಿತನು, ಅರ್ಥಕ್ಕೆ ತೊಡಕಿಲ್ಲದ ಕಡೆ ಜನರ ರೂಢಿಯನ್ನು ತಪ್ಪೆಂದು ಬೆನ್ನಟ್ಟಬಾರದೆಂಬ ನಿಲುವನ್ನು ತಳೆದನು. ಹುಟ್ಟು ಇಂಗ್ಲಿಷರೇ ಇಷ್ಟು ಕಾಲ ವಾದಿಸಿದ ಒಂದು ಪದದ ಬಗ್ಗೆ ಕೂಡ್ಲಿಗಿಯ ಹದಿಮೂರರ ಬಾಲಕನನ್ನು ಹಾಸ್ಯ ಮಾಡಿದ ನನ್ನ ಪಾಂಡಿತ್ಯ ಎಷ್ಟರದು?

ಹಾಗಾದರೆ ‘ಕೂಡ್ಲಿಗಿ ಓನ್ಲಿ’ ಸರಿಯೆಂದು ಒಪ್ಪಿಬಿಡಬೇಕೆ? ನನ್ನ ಸ್ನೇಹಿತರಲ್ಲಿ ಎರಡು ಪಕ್ಷಗಳಿವೆ. ಪರರ ಭಾಷೆಯನ್ನು ಕಲಿಯುವವನು ಅವರಂತೆಯೇ ಆಡಬೇಕು, ತಪ್ಪು ತಪ್ಪೇ ಎನ್ನುವುದು ಮೊದಲನೆಯ ಪಕ್ಷ. ಇಷ್ಟು ಕೋಟಿ ಭಾರತೀಯರು ಆಡುವ ಇಂಗ್ಲಿಷ್ ಭಾರತದ್ದೇ ಒಂದು ಭಾಷೆಯಾಗಿದೆ, ಅದರಲ್ಲಿ ನಮ್ಮ ರೂಢಿಯೇ ನಿಯಮ ಎನ್ನುವುದು ಎರಡನೆಯ ಪಕ್ಷ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಪಕ್ಷಗಳು ಮರೆಯುವ ಒಬ್ಬ ವ್ಯಕ್ತಿಯುಂಟು. ಅವನೇ ಕೇಳುವವನು.

ಹಗರಿಬೊಮ್ಮನಹಳ್ಳಿಯ ಕಡೆಯ ನನ್ನ ಶಿಷ್ಯನೊಬ್ಬ ಹೊರರಾಜ್ಯದ ಒಂದು ಕಾಲೇಜಿಗೆ ಸೇರಿದ್ದನು. ತಂದೆ ಶೇಂಗಾ ಮಾರಿ ಬಂದ ಹಣದಲ್ಲಿ ಇಡೀ ವರ್ಷದ ವಸತಿನಿಲಯದ ಶುಲ್ಕವನ್ನು ಜೂನ್ ತಿಂಗಳಿನಲ್ಲಿಯೇ ಕಟ್ಟಿದ್ದರು. ಶುಲ್ಕ ಬಾಕಿಯಿದೆಯೇ ಎಂದು ಕಚೇರಿಯಿಂದ ವಿಚಾರಣೆ ಬಂದಾಗ ಹುಡುಗ ಧೈರ್ಯದಿಂದ, “ಐ ಪೇಡ್ ಇನ್ ಜೂನ್ ಓನ್ಲಿ” ಎಂದು ಬರೆದುಕೊಟ್ಟನು. ‘ಜೂನ್‌ನಲ್ಲಿಯೇ ಕಟ್ಟಿದ್ದೇನೆ’ ಎಂಬುದು ಅವನ ಅಭಿಪ್ರಾಯ. ಅದನ್ನು ಓದಿದವರಿಗೆ ನಮ್ಮ ಏಕಾರದ ಪರಿಚಯವಿರಲಿಲ್ಲ. ‘ಜೂನ್‌ನಲ್ಲಿ ಮಾತ್ರ ಕಟ್ಟಿದ್ದೇನೆ’ ಎಂದು ಅವರು ಓದಿಕೊಂಡರು. ಉಳಿದ ತಿಂಗಳುಗಳ ಹಣವನ್ನು ಕೂಡಲೇ ಕಟ್ಟಬೇಕೆಂದು ನೋಟೀಸು ಬಂದಿತು. ಊರಿನಲ್ಲಿ ತಂದೆಗೆ ದಿಗಿಲು. ಮಗ ಹಣವನ್ನೇನು ಮಾಡಿದನೋ ಎಂಬ ಸಂದೇಹ ಬೇರೆ. ಹಳೆಯ ರಸೀದಿಯನ್ನು ಹುಡುಕಿ ಕಳುಹಿಸಿ ಸರಿಪಡಿಸುವಷ್ಟರಲ್ಲಿ ಹಲವು ವಾರಗಳು ಕಳೆದವು. ಆ ಹುಡುಗ ಸುಳ್ಳು ಬರೆಯಲಿಲ್ಲ. ಓದಿದವರೂ ಮೋಸ ಮಾಡಲಿಲ್ಲ. ನಡುವೆ ಒಂದು ಏಕಾರ ಕಳೆದುಹೋಗಿತ್ತು.

ಇನ್ನೂ ಒಂದು ಸೂಕ್ಷ್ಮವನ್ನು ಗಮನಿಸಿ. “ನಿನ್ನೆಯೇ ಬಂದನು” ಎಂದು ನಾವು ಹೇಳಿದರೆ ಬೇಗ ಬಂದನೆಂಬ ಸೂಚನೆ. ಇಂಗ್ಲಿಷರು ‘ಓನ್ಲಿ ಯೆಸ್ಟರ್‌ಡೇ’ ಎಂದರೆ ‘ನಿನ್ನೆಯಷ್ಟೇ’, ಎಂದರೆ ಇತ್ತೀಚೆಗೆ, ಅದಕ್ಕಿಂತ ಮೊದಲಲ್ಲ ಎಂಬ ಸೂಚನೆ. ಒಬ್ಬನ ಬೇಗ ಇನ್ನೊಬ್ಬನ ತಡವಾಗುತ್ತದೆ! ‘ಆಗಲೇ’ ಎಂಬ ಅರ್ಥ ಬರಬೇಕಾದ ಕಡೆ ಅವರಲ್ಲಿ ‘ಆಲ್ರೆಡಿ’ ಎಂಬ ಬೇರೆಯ ಪದವೇ ಇದೆ. ನನ್ನ ಶಿಷ್ಯ ಅದನ್ನು ಬಳಸಿ ‘ಇಡೀ ವರ್ಷದ ಹಣ ಆಗಲೇ ಜೂನ್‌ನಲ್ಲಿ ಸಂದಾಯವಾಗಿದೆ’ ಎಂಬರ್ಥ ಬರುವಂತೆ ಬರೆದಿದ್ದರೆ ನೋಟೀಸು ಬರುತ್ತಿರಲಿಲ್ಲ.

ಮಾತಿನ ಅರ್ಥ ಆಡಿದವನ ಕೈಯಲ್ಲಿ ಮಾತ್ರ ಇರುವುದಿಲ್ಲವೆಂಬುದು ನಮ್ಮ ಸೀಮೆಯವರಿಗೆ ಹೊಸತಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ!” ಎಂದೊಡನೆ ಅಷ್ಟು ಜನಸ್ತೋಮವೂ ಸ್ತಬ್ಧವಾಗುತ್ತದೆ. ಅನಂತರ ಅವನ ಬಾಯಿಂದ ಹೊರಡುವುದು ಕಾರಣಿಕದ ಒಂದು ಪುಟ್ಟ ನುಡಿ. ಅದು ಮಳೆಯ ಮಾತೋ, ಬೆಳೆಯ ಮಾತೋ, ರಾಜಕಾರಣದ ಮಾತೋ ಎಂಬ ಚರ್ಚೆ ಬಂಡಿಗಳು ಊರು ಸೇರುವವರೆಗೂ, ಸೇರಿದ ಮೇಲೂ ನಡೆಯುತ್ತದೆ. ಒಬ್ಬರು ಒಂದು ಪದವನ್ನು ಹಿಡಿದರೆ ಮತ್ತೊಬ್ಬರು ಇನ್ನೊಂದನ್ನು ಹಿಡಿಯುತ್ತಾರೆ. ಕಾರಣಿಕಕ್ಕೆ ಹಲವು ಅರ್ಥಗಳಿದ್ದರೆ ಅದರ ಗಾಂಭೀರ್ಯ ಹೆಚ್ಚುತ್ತದೆ. ಶುಲ್ಕದ ಪತ್ರಕ್ಕೆ ಹಲವು ಅರ್ಥಗಳಿದ್ದರೆ ಬಡವನ ಹಣ ಹೋಗುತ್ತದೆ.

‘ಓನ್ಲಿ’ ತನ್ನ ಸ್ಥಾನದಲ್ಲಿ ನಿಂತು ಸೊಗಸಾಗಿ ದುಡಿಯುವ ಕಡೆಯೂ ಉಂಟು. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರಗಳಲ್ಲಿ ಬರೆದು ಕೊನೆಯಲ್ಲಿ ‘ಓನ್ಲಿ’ ಎಂದೋ ‘ಮಾತ್ರ’ ಎಂದೋ ಬರೆಯುವುದನ್ನು ನೀವು ನೋಡಿರಬಹುದು. ‘ಐದು ಸಾವಿರ ರೂಪಾಯಿ ಮಾತ್ರ’ ಎಂದ ಮೇಲೆ ಅದರ ಮುಂದೆ ಯಾರೂ ಇನ್ನಷ್ಟನ್ನು ಸೇರಿಸಲಾಗದು. ಅಲ್ಲಿ ಅದು ಬಾಗಿಲಿಗೆ ಹಾಕಿದ ಅಗುಳಿ. ಅಂಗಡಿಯ ಫಲಕದಲ್ಲಿ “ಕೇವಲ 99 ರೂಪಾಯಿ ಮಾತ್ರ” ಎಂದು ಬರೆದಿರುವುದನ್ನೂ ನೋಡಿರುತ್ತೀರಿ. ಒಂದೇ ಬಾಗಿಲಿಗೆ ಹಿಂದೊಂದು ಮುಂದೊಂದು ಅಗುಳಿ! ‘ಕೇವಲ’ ಬಂದ ಮೇಲೆ ‘ಮಾತ್ರ’ ಏಕೆ? ಬರೀ ‘99 ರೂಪಾಯಿಗೇ’ ಎಂದಿದ್ದರೆ ಕನ್ನಡ ಎಷ್ಟು ಹಗುರವಾಗುತ್ತಿತ್ತು! ಇಂಗ್ಲಿಷಿನಲ್ಲಿ ಏಕಾರವನ್ನು ತುರುಕುವ ನಾವು ಕನ್ನಡದಲ್ಲಿಯೇ ಅದನ್ನು ಮರೆಯುತ್ತಿರುವುದು ವಿಪರ್ಯಾಸ.

ಎರಡು ಭಾಷೆಗಳನ್ನು ಬೆರೆಸಿ ಆಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕನ್ನಡದ ದೊಡ್ಡ ಹಾಸ್ಯಸಾಹಿತಿ ಬೀಚಿಯವರು 1913ರಲ್ಲಿ ಹುಟ್ಟಿದ್ದು ಇದೇ ಹರಪನಹಳ್ಳಿಯಲ್ಲಿ. ಅವರು ತಮ್ಮ ಕಾವ್ಯನಾಮದ ಮೊದಲ ಅಕ್ಷರವನ್ನು ಕನ್ನಡದಲ್ಲಿಯೂ ಎರಡನೆಯದನ್ನು ಇಂಗ್ಲಿಷ್ ಲಿಪಿಯಲ್ಲಿಯೂ ಬರೆಯುತ್ತಿದ್ದರು. ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟು ಇಂಗ್ಲಿಷಿನ ಪದದೊಳಗೆ ಕನ್ನಡದ ಭಯವನ್ನು ಕೂರಿಸಿದರು. ಎರಡು ಭಾಷೆಗಳ ಗಡಿ ಎಲ್ಲಿದೆಯೆಂದು ಚೆನ್ನಾಗಿ ಬಲ್ಲವರಾದುದರಿಂದಲೇ ಅವರು ಅದರ ಮೇಲೆ ಕುಣಿಯಬಲ್ಲವರಾಗಿದ್ದರು. ನಾವೂ ಮೊದಲು ಗಡಿಯನ್ನು ಅರಿಯಬೇಕು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ನಮ್ಮವರ ನಡುವೆ ‘ಐ ಆ್ಯಮ್ ಹಿಯರ್ ಓನ್ಲಿ’ ಎಂದರೆ ಅದಕ್ಕಾಗಿ ನಾಚುವ ಕಾರಣವಿಲ್ಲ. ಕೇಳುವವನ ಕಿವಿಯಲ್ಲಿಯೂ ‘ಇಲ್ಲೇ’ ಎಂಬುದೇ ಇರುತ್ತದೆ. ಆದರೆ ಅರ್ಜಿ ಬರೆಯುವಾಗ, ಪರೀಕ್ಷೆಯಲ್ಲಿ ಉತ್ತರಿಸುವಾಗ, ನಮ್ಮ ಏಕಾರವನ್ನು ಅರಿಯದವರೊಡನೆ ವ್ಯವಹರಿಸುವಾಗ ಒಂದು ಕ್ಷಣ ತಡೆದು, ‘ನನ್ನ ಮನಸ್ಸಿನಲ್ಲಿರುವುದು ಏಕಾರವೋ, ಮಾತ್ರವೋ, ಅಷ್ಟೇಯೋ?’ ಎಂದು ಕೇಳಿಕೊಳ್ಳಬೇಕು. ‘ಮಾತ್ರ’ವಾದರೆ ‘ಓನ್ಲಿ’ಯನ್ನು ತಕ್ಕ ಪದದ ಪಕ್ಕದಲ್ಲಿಟ್ಟು ಬರೆಯಿರಿ. ಏಕಾರವಾದರೆ ಬೇರೆ ದಾರಿ ಹುಡುಕಿರಿ. ಹೀಗೆ ಕೇಳಿಕೊಳ್ಳಲು ಇಂಗ್ಲಿಷ್ ಮಾತ್ರ ಬಂದರೆ ಸಾಲದು. ಕನ್ನಡವೂ ಚೆನ್ನಾಗಿ ಬರಬೇಕು. ಅಧ್ಯಾಪಕರಲ್ಲಿಯೂ ನನ್ನದೊಂದು ಬಿನ್ನಹವಿದೆ: ‘ಓನ್ಲಿ’ಯ ಮೇಲೆ ಕೆಂಪು ಗೆರೆ ಎಳೆಯುವ ಮೊದಲು, “ಇದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀಯಪ್ಪ?” ಎಂದು ಮಗುವನ್ನು ಕೇಳಿ.

ಕೆಲವು ವರ್ಷಗಳ ಹಿಂದೆ ಕೊಟ್ಟೂರಿನ ಗುರು ಕೊಟ್ಟೂರೇಶ್ವರರ ತೇರಿನ ದಿನ ಜನಜಂಗುಳಿಯಲ್ಲಿ ನಡುವಯಸ್ಸಿನವನೊಬ್ಬ ಬಂದು ನನ್ನ ಕಾಲು ಮುಟ್ಟಿದನು. ಗುರುತು ಹೇಳಿದಾಗ ಮೂರನೆಯ ಸಾಲಿನ ಆ ಹುಡುಗನೆಂದು ತಿಳಿಯಿತು. “ಈಗ ಎಲ್ಲಿದ್ದೀಯಪ್ಪ?” ಎಂದೆನು. “ಇಲ್ಲೇ ಸಾರ್, ಕೊಟ್ಟೂರಾಗೇ ಅಂಗಡಿ ಇಟ್ಕೊಂಡಿದೀನಿ” ಎಂದನು. ವ್ಯಾಪಾರ ಚೆನ್ನಾಗಿದೆಯೆಂದೂ, ಹೊರಗಿನ ವ್ಯಾಪಾರಿಗಳು ಇಂಗ್ಲಿಷಿನಲ್ಲಿ ಫೋನು ಮಾಡಿದರೆ ಮಗಳ ಕೈಗೆ ಕೊಟ್ಟುಬಿಡುವೆನೆಂದೂ ಹೇಳಿದನು. ಆಮೇಲೆ ನಗುತ್ತ, “ನೀವು ಅವತ್ತು ನಕ್ಕಿದ್ರಲ್ಲ ಸಾರ್, ಅವತ್ತಿಂದ ಅದರ ಸಹವಾಸಾನೇ ಬಿಟ್ಟೆ” ಎಂದನು. ಅವನು ತಮಾಷೆಗೆ ಹೇಳಿದ್ದನು. ನಾನು, “ತಪ್ಪು ನಿನ್ನದಲ್ಲಪ್ಪ, ನನ್ನದೇ” ಎಂದೆನು. ತೇರು ಹೊರಡುವ ಗದ್ದಲದಲ್ಲಿ ಅದು ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಆದುದರಿಂದ ಅದನ್ನು ಇಲ್ಲಿ ಬರೆದಿದ್ದೇನೆ.